ಕಾಲು ನೋಯುತ್ತದೆ, ಮಾತ್ರೆ ಬಿಡಬಹುದೆ?

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಮಂಡ್ಯ ಜಿಲ್ಲೆಯ ಬೆಳ್ಳೂರು ಕ್ರಾಸಿನ ಬಳಿ ಬಿ.ಜಿ. ನಗರ ಇದೆ. ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1986ರಲ್ಲಿ, ಇಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಅದರ ಮರುವರ್ಷ, 1987ರ ಸೆಪ್ಟೆಂಬರಿನಲ್ಲಿ, ಅಮೆರಿಕದಲ್ಲಿ ಲೊವಾಸ್ಟ್ಯಾಟಿನ್ ಎಂಬ ಮಾತ್ರೆಗೆ ಪರವಾನಗಿ ಸಿಕ್ಕಿತು. ರಕ್ತದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನಲ್ಲಿ ಮಾರುಕಟ್ಟೆಗೆ ಬಂದ ಮೊದಲ ಔಷಧ ಅದು. ಆಗ ನಾಗಮಂಗಲದ ರಾಗಿ ಹೊಲಗಳ ನಡುವೆ ಬದುಕುತ್ತಿದ್ದ ರೈತರಿಗೂ ಆ ಮಾತ್ರೆಗೂ ಯಾವ ಸಂಬಂಧವೂ ಇರಲಿಲ್ಲ. ಇವತ್ತು ಈ ಸೀಮೆಯ ಹಳ್ಳಿಗಳಲ್ಲಿ ಗೋಡೆಯ ಗೂಡಿನಲ್ಲೋ ಟಿ.ವಿ. ಮೇಲೋ ಅದೇ ಗುಂಪಿನ ಮಾತ್ರೆಯ ಸ್ಟ್ರಿಪ್ಪು ಕಾಣುವ ಮನೆಗಳು ಬೇಕಾದಷ್ಟಿವೆ. ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ಜತೆಗೆ 'ಕೊಬ್ಬಿನ ಮಾತ್ರೆ'.

ಬಿ.ಪಿ. ಮಾತ್ರೆಯನ್ನು ಜನ ನಂಬುತ್ತಾರೆ, ಶುಗರ್ ಮಾತ್ರೆಗೆ ಹೆದರಿಯಾದರೂ ನುಂಗುತ್ತಾರೆ. ಕೊಬ್ಬಿನ ಮಾತ್ರೆಯ ಮೇಲೆ ಮಾತ್ರ ಒಂದು ಗುಮಾನಿ. "ಇದ ನುಂಗಕ್ಕೆ ಸುರು ಮಾಡ್ದ ಮ್ಯಾಲೆ ಕಾಲು ಯಳೀತವೆ ಸಾರ್, ಮೀನಖಂಡ ಹಿಡ್ಕಂಡಂಗಾಯ್ತದೆ" ಎಂಬ ಮಾತು ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣದವರೆಗೆ ಎಲ್ಲ ಕಡೆಯೂ ಕೇಳಿಬರುತ್ತದೆ. ಹಾಗೆ ಹೇಳಿದವರು ಪುಣ್ಯವಂತರು, ಅವರಿಗೆ ಏನಾದರೂ ದಾರಿ ಮಾಡಬಹುದು. ಹೇಳದೆ ಮಾತ್ರೆ ಬಿಟ್ಟವರದೇ ಚಿಂತೆ. ಮೂರು ತಿಂಗಳ ಮೇಲೆ ಅವರು ಆಸ್ಪತ್ರೆಗೆ ಬಂದಾಗ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಮಾತ್ರೆ ಸಾಲುತ್ತಿಲ್ಲವೆಂದುಕೊಂಡು, ಇನ್ನೂ ಜೋರಾದ ಡೋಸು ಬರೆಯುತ್ತಾರೆ.

2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಒಂದಾದ ಮೇಲೊಂದು ಹೃದಯಾಘಾತದ ಸುದ್ದಿ ಬಂದದ್ದು ನಾಗಮಂಗಲ, ಕೆ.ಆರ್. ಪೇಟೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಚನ್ನರಾಯಪಟ್ಟಣ ಇವರಿಗೆ ಗಡಿಯಾಚೆಯ ಊರಲ್ಲ, ನೆಂಟಸ್ತನದ ಊರು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂಬ ವರದಿಗಳು ಬಂದವು, ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಆ ಸಮಿತಿ ಕೋವಿಡ್ ಲಸಿಕೆಯನ್ನು ದೂರಲಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ರಕ್ತದ ಕೊಬ್ಬು ಮುಂತಾದ ಹಳೆಯ ಶತ್ರುಗಳತ್ತಲೇ ಬೆರಳು ತೋರಿಸಿತು. ಸುದ್ದಿಯ ಕಾವಿನಲ್ಲಿ ಸಾವಿರಾರು ಜನ ಇ.ಸಿ.ಜಿ. ಮಾಡಿಸಿಕೊಂಡರು. ಇ.ಸಿ.ಜಿ. ಮಾಡಿಸಲು ನಿಂತವರಿಗಿದ್ದ ಆತುರ ದಿನಕ್ಕೊಂದು ಮಾತ್ರೆಯನ್ನು ವರ್ಷಗಟ್ಟಲೆ ನುಂಗುವ ತಾಳ್ಮೆಯಾಗಿ ಉಳಿಯಬೇಕಾದರೆ ಮಾತ್ರೆಯ ಬಗ್ಗೆ ಇರುವ ಅನುಮಾನಗಳಿಗೆ ನೇರವಾದ ಉತ್ತರ ಸಿಗಬೇಕು.

ಮೊದಲು ಈ ಮಾತ್ರೆ ಎಲ್ಲಿಂದ ಬಂತು ಎಂಬ ಪ್ರಶ್ನೆ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ, ರೈತ ಕುಟುಂಬದಲ್ಲಿ ಹುಟ್ಟಿದವರು, 1970ರ ದಶಕದ ಆರಂಭದಲ್ಲಿ ಸಾವಿರಾರು ಬಗೆಯ ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಲ್ಲಿ, ಪೆನಿಸಿಲಿಯಂ ಸಿಟ್ರಿನಂ ಎಂಬುದರಲ್ಲಿ, ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುವ ವಸ್ತು ಸಿಕ್ಕಿತು. ಎಂಡೊ 2024ರ ಜೂನಿನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಮನುಷ್ಯನ ಮೈಯಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ಪಿತ್ತಜನಕಾಂಗವೇ ತಯಾರಿಸಿದ್ದು. ಸ್ಟ್ಯಾಟಿನ್ ಆ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಆಗ ಪಿತ್ತಜನಕಾಂಗ ತನಗೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದಲೇ ಎಳೆದುಕೊಳ್ಳುತ್ತದೆ, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್.ಡಿ.ಎಲ್., ಇಳಿಯುತ್ತದೆ. "ನಾನು ಬಾಡು ತಿನ್ನೋದೇ ಇಲ್ಲ, ನನಗ್ಯಾಕೆ ಕೊಬ್ಬು?" ಎಂದು ಕೇಳುವ ಸಸ್ಯಾಹಾರಿಗಳಿಗೂ ಉತ್ತರ ಇದೇ.   

ಈಗ ಕಾಲುನೋವಿನ ಮಾತು. ಸ್ಟ್ಯಾಟಿನ್ನಿನಿಂದ ಸ್ನಾಯುನೋವು ಬರುವುದುಂಟೆ? ಉಂಟು. ಆದರೆ ಮಾತ್ರೆ ನುಂಗುವವರಿಗೆ ಬರುವ ನೋವೆಲ್ಲ ಮಾತ್ರೆಯದಲ್ಲ. ಇದನ್ನು ಬಿಡಿಸಿ ನೋಡಲು 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಒಂದು ಜಾಣ ಪ್ರಯೋಗದ ಫಲ ಪ್ರಕಟಿಸಿದರು. ಅಡ್ಡಪರಿಣಾಮದಿಂದಾಗಿ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷಕ್ಕೆ ಹನ್ನೆರಡು ಬಾಟಲಿ ಹಂಚಿದರು. ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು ಬಾಟಲಿ, ದಿನವೂ ಮೈಯ ತೊಂದರೆ ಎಷ್ಟಿದೆ ಎಂದು ಫೋನಿನಲ್ಲಿ ಗುರುತು ಹಾಕಬೇಕು. ಖಾಲಿ ಬಾಟಲಿಯ ತಿಂಗಳಲ್ಲಿ ತೊಂದರೆ ಕಡಿಮೆ, ನಿಜವಾದ ಮಾತ್ರೆಯ ತಿಂಗಳಲ್ಲಿ ಜಾಸ್ತಿ. ಹುಸಿ ಮಾತ್ರೆಯ ತಿಂಗಳಲ್ಲೂ ಹೆಚ್ಚು ಕಡಿಮೆ ಅಷ್ಟೇ ಜಾಸ್ತಿ! ಸ್ಟ್ಯಾಟಿನ್ ತೆಗೆದುಕೊಂಡಾಗ ಆದ ತೊಂದರೆಯ ಸುಮಾರು ಶೇ. 90 ಪಾಲು ಹುಸಿ ಮಾತ್ರೆಯಲ್ಲೂ ಕಾಣಿಸಿಕೊಂಡಿತ್ತು. ಎರಡು ವರ್ಷದ ಮೇಲೆ ಆಕ್ಸ್‌ಫರ್ಡಿನ ಸಂಶೋಧಕರು ದೊಡ್ಡ ದೊಡ್ಡ ಪ್ರಯೋಗಗಳ ಲೆಕ್ಕವನ್ನೆಲ್ಲ ಕೂಡಿಸಿದಾಗ, ಸ್ಟ್ಯಾಟಿನ್ ನುಂಗಿದವರಲ್ಲಿ ಶೇ. 27.1 ಮಂದಿಗೆ, ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 26.6 ಮಂದಿಗೆ ಸ್ನಾಯುನೋವು ಇತ್ತು.

ಇದನ್ನು ಕೇಳಿ "ಹಂಗಾದ್ರೆ ನಿಮ್ಮ ನೋವು ಸುಳ್ಳು" ಎಂದು ರೋಗಿಗೆ ಹೇಳುವುದು ತಪ್ಪು. ಲಂಡನ್ನಿನ ಆ ಅರವತ್ತು ಜನರ ನೋವೂ ಸುಳ್ಳಾಗಿರಲಿಲ್ಲ, ಹುಸಿ ಮಾತ್ರೆಯ ತಿಂಗಳಲ್ಲೂ ಅವರ ಮೈ ನಿಜವಾಗಿಯೇ ನೋಯುತ್ತಿತ್ತು. ಭಯ, ನಿರೀಕ್ಷೆಗಳೂ ನೋವನ್ನು ತರಬಲ್ಲವು. ವಿಷಯವನ್ನು ಹೀಗೆ ಬಿಡಿಸಿ ಹೇಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ಐದು ನಿಮಿಷ ಕೂತು ವಿವರಿಸುವುದು ಚಿಕಿತ್ಸೆಯ ಭಾಗವೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಾತಿಗೂ ಅಡ್ಡಪರಿಣಾಮವಿದೆ ಎಂಬುದನ್ನು ಆಸ್ಟ್ರೇಲಿಯಾ ಕಂಡಿತು. 2013ರ ಅಕ್ಟೋಬರಿನಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎ.ಬಿ.ಸಿ.ಯ 'ಕ್ಯಾಟಲಿಸ್ಟ್' ಎಂಬ ಕಾರ್ಯಕ್ರಮ ಸ್ಟ್ಯಾಟಿನ್ ಬಗ್ಗೆ ಅನುಮಾನ ಹುಟ್ಟಿಸುವಂತೆ ಮಾತಾಡಿತು. ಮುಂದಿನ ತಿಂಗಳುಗಳಲ್ಲಿ ಸುಮಾರು 60,000 ಜನ ಮಾತ್ರೆ ಬಿಟ್ಟಿರಬಹುದೆಂದು ಅಲ್ಲಿನ ವೈದ್ಯಕೀಯ ಪತ್ರಿಕೆ ಅಂದಾಜು ಮಾಡಿತು. ಎ.ಬಿ.ಸಿ. ಆ ಕಾರ್ಯಕ್ರಮವನ್ನು ತನ್ನ ತಾಣದಿಂದ ತೆಗೆದುಹಾಕಿತು. ಬಾನುಲಿಯಲ್ಲಿ ಔಷಧದ ವಿಷಯ ಮಾತಾಡುವವರು ಈ ಪ್ರಸಂಗವನ್ನು ಮರೆಯಬಾರದು, ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸುವವರೂ.

ಆದರೂ ಮಂಡ್ಯ ಸೀಮೆಯ ಕಾಲುನೋವಿಗೆ ತನ್ನದೇ ಕಾರಣಗಳಿವೆ. ಕಬ್ಬು ಕಡಿಯುವ ಕಾಲದಲ್ಲಿ ಇಡೀ ದಿನ ಬಗ್ಗಿ ಕಡಿದು, ಸೋಗೆ ಸವರಿ, ಹೊರೆ ಕಟ್ಟಿ ಹೊತ್ತವರ ಸೊಂಟ, ತೊಡೆ, ಮೀನಖಂಡ ನೋಯದೆ ಇರುತ್ತವೆಯೆ? ಅಂಥವರ ರಕ್ತದಲ್ಲಿ ಸಿ.ಪಿ.ಕೆ. ಅಥವಾ ಸಿ.ಕೆ. ಎಂಬ ಸ್ನಾಯುವಿನ ಅಂಶವನ್ನು ಮಾರನೆಯ ದಿನವೇ ಅಳೆದರೆ ಅದು ಏರಿಯೇ ಇರುತ್ತದೆ, ಮಾತ್ರೆ ನುಂಗಿರಲಿ ಬಿಡಲಿ. ಆದ್ದರಿಂದ ಪರೀಕ್ಷೆಗೆ ಹೋಗುವ ಮುಂಚಿನ ಕೆಲವು ದಿನ ಮೈಮುರಿಯುವ ಕೆಲಸ ಬೇಡ. ಮಾಡಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಇನ್ನೊಂದು ಕಾರಣ ಥೈರಾಯ್ಡ್. ಥೈರಾಯ್ಡ್ ಮಂದವಾದರೆ ಕೊಲೆಸ್ಟ್ರಾಲೂ ಏರುತ್ತದೆ, ಸ್ನಾಯುವೂ ನೋಯುತ್ತದೆ. ಅಂಥವರಿಗೆ ಥೈರಾಯ್ಡ್ ನೋಡದೆ ಸ್ಟ್ಯಾಟಿನ್ ಕೊಟ್ಟರೆ ನೋವು ಇನ್ನಷ್ಟು ಹೆಚ್ಚಬಹುದು. ಟಿ.ಎಸ್.ಎಚ್. ಪರೀಕ್ಷೆ ಮಾಡಿಸಿ ಥೈರಾಯ್ಡ್ ಸರಿಪಡಿಸಿದರೆ ಕೆಲವೊಮ್ಮೆ ಕೊಬ್ಬೂ ಇಳಿಯುತ್ತದೆ, ನೋವೂ ಹೋಗುತ್ತದೆ. ಸಕ್ಕರೆ ಕಾಯಿಲೆಯವರ ಪಾದ ಉರಿ, ಜೋಮು ಬೇರೆ. ಅದು ನರದ ತೊಂದರೆ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವು ಮತ್ತೂ ಬೇರೆ. ಅದು ಕಾಲಿನ ರಕ್ತನಾಳವೇ ಕಟ್ಟಿಕೊಂಡ ಲಕ್ಷಣವಿರಬಹುದು. ಅವರಿಗೆ ಸ್ಟ್ಯಾಟಿನ್ ಇನ್ನೂ ಹೆಚ್ಚು ಅಗತ್ಯ.

ಮಾತ್ರೆಯದೇ ನೋವು ಹೇಗಿರುತ್ತದೆ? ಸಾಮಾನ್ಯವಾಗಿ ಎರಡೂ ಕಡೆ, ಎರಡೂ ತೊಡೆ, ಎರಡೂ ಮೀನಖಂಡ, ಎರಡೂ ಭುಜ. ಮಾತ್ರೆ ಶುರು ಮಾಡಿದ ಅಥವಾ ಡೋಸು ಏರಿಸಿದ ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಬರುತ್ತದೆ, ಬಿಟ್ಟರೆ ಕೆಲವು ವಾರದಲ್ಲಿ ಹೋಗುತ್ತದೆ. ಮಂಡಿಯ ಕೀಲು ಒಂದೇ ನೋಯುತ್ತಿದ್ದರೆ ಅದು ಮಂಡಿಯದೇ ಸಂಗತಿ. ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣ ಒಂದಿದೆ. ಸ್ನಾಯುಗಳು ತೀರಾ ನೊಂದು, ಕುಕ್ಕರುಗಾಲಲ್ಲಿ ಕೂತವರು ಏಳಲಾರದಷ್ಟು ನಿತ್ರಾಣವಾಗಿ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆಯುತ್ತಿದೆ, ಮೂತ್ರಪಿಂಡಕ್ಕೆ ಅಪಾಯ ಬಂದಿದೆ ಎಂದರ್ಥ. ಇದು ಬಹಳ ಅಪರೂಪ, ವರ್ಷಕ್ಕೆ ಲಕ್ಷ ಜನರಲ್ಲಿ ಎರಡು ಮೂರು. ಹಾಗಾದಾಗ ಮಾತ್ರೆಯನ್ನು ಆ ಗಳಿಗೆಯೇ ನಿಲ್ಲಿಸಬೇಕು.

ಒಟ್ಟು ಲಾಭ ನಷ್ಟದ ಲೆಕ್ಕವನ್ನು 2016ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ ಹೀಗೆ ಇಟ್ಟಿದೆ: ಹೃದಯಾಘಾತ, ಪಾರ್ಶ್ವವಾಯು ಆಗಲೇ ಬಂದಿರುವ 10,000 ಜನರಿಗೆ ಅಟೋರ್ವಾಸ್ಟ್ಯಾಟಿನ್ 40 ಮಿಲಿಗ್ರಾಂ ಮಟ್ಟದ ಚಿಕಿತ್ಸೆಯನ್ನು ಐದು ವರ್ಷ ಕೊಟ್ಟರೆ ಸುಮಾರು 1,000 ಮಂದಿಗೆ ಮತ್ತೊಂದು ಆಘಾತ ತಪ್ಪುತ್ತದೆ. ಅದೇ 10,000 ಮಂದಿಯಲ್ಲಿ ಸುಮಾರು ಐವರಿಗೆ ಸ್ನಾಯುವಿಗೆ ನಿಜವಾದ ಹಾನಿ, 50ರಿಂದ 100 ಮಂದಿಗೆ ಹೊಸದಾಗಿ ಸಕ್ಕರೆ ಕಾಯಿಲೆ, ಐದರಿಂದ ಹತ್ತು ಮಂದಿಗೆ ಮೆದುಳಿನ ರಕ್ತಸ್ರಾವ ಆಗಬಹುದು. ಅಪಾಯ ಇಲ್ಲವೇ ಇಲ್ಲ ಎನ್ನುವುದು ಸುಳ್ಳು. ಲಾಭದ ತಟ್ಟೆ ಎಷ್ಟು ಕೆಳಗಿಳಿದಿದೆ ಎಂಬುದೂ ಕಣ್ಣ ಮುಂದಿದೆ.

ಸಕ್ಕರೆಯ ವಿಷಯ ಕೇಳಿ ಬೆಚ್ಚುವವರು ಬಹಳ. "ಕೊಬ್ಬಿಗೆ ಅಂತ ಕೊಟ್ಟು ಶುಗರ್ ಬರಿಸ್ತಾರೆ" ಎಂಬುದು ಕಟ್ಟೆಯ ಮೇಲಿನ ಮಾತು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 255 ಜನ ನಾಲ್ಕು ವರ್ಷ ಸ್ಟ್ಯಾಟಿನ್ ತೆಗೆದುಕೊಂಡರೆ ಅವರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ ಬರುತ್ತದೆ. ಆ ಒಬ್ಬರು ಸಾಮಾನ್ಯವಾಗಿ ಅಂಚಿನಲ್ಲಿ ನಿಂತವರು: ಹೊಟ್ಟೆ ಬಂದವರು, ಮನೆತನದಲ್ಲಿ ಸಕ್ಕರೆ ಇರುವವರು, ಖಾಲಿ ಹೊಟ್ಟೆಯ ಸಕ್ಕರೆ ಆಗಲೇ ನೂರು ದಾಟಿದವರು. ಅವರು ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಿಕೊಂಡರೆ ಆಯಿತು. ಸಕ್ಕರೆ ಕಾಯಿಲೆ ಇರುವವರಂತೂ ಇದೇ ಕಾರಣಕ್ಕೆ ಸ್ಟ್ಯಾಟಿನ್ ಬಿಡಬಾರದು, ಏಕೆಂದರೆ ಅವರ ಹೃದಯಕ್ಕಿರುವ ಅಪಾಯ ಮಿಕ್ಕವರಿಗಿಂತ ದೊಡ್ಡದು.

ಪಿತ್ತಜನಕಾಂಗ ಕೆಡುತ್ತದೆಯೆ? ಕೆಲವರಲ್ಲಿ ಲಿವರ್ ಪರೀಕ್ಷೆಯ ಎ.ಎಲ್.ಟಿ. ಎಂಬ ಅಂಕಿ ಸ್ವಲ್ಪ ಏರಿ ತಾನೇ ಇಳಿಯುತ್ತದೆ. ಮಿತಿಯ ಮೂರು ಪಟ್ಟಿಗಿಂತ ಹೆಚ್ಚಾದರೆ ಮಾತ್ರ ಯೋಚನೆ. ಎಲ್ಲರಿಗೂ ಪದೇ ಪದೇ ಲಿವರ್ ಪರೀಕ್ಷೆ ಬೇಕೆಂಬ ನಿಯಮವನ್ನು ಅಮೆರಿಕದ ಔಷಧ ಇಲಾಖೆ 2012ರಲ್ಲೇ ಕೈಬಿಟ್ಟಿತು, ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ ತೊಂದರೆ ಕಂಡರೆ ಸಾಕು. ಸ್ಕ್ಯಾನಿನಲ್ಲಿ 'ಫ್ಯಾಟಿ ಲಿವರ್' ಎಂದು ಬಂದವರೂ ಈ ಮಾತ್ರೆ ತೆಗೆದುಕೊಳ್ಳಬಹುದು. ದಿನವೂ ಕುಡಿಯುವವರ ಲಿವರು ಕೆಟ್ಟರೆ ತಪ್ಪನ್ನು ಮಾತ್ರೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮರೆವಿನ ದೂರು ಕೂಡ ಇದೆ. ಅದು ಅಪರೂಪ, ಮಾತ್ರೆ ಬಿಟ್ಟರೆ ಸರಿಹೋಗುವಂಥದು. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ನೆನಪಿನ ಶಕ್ತಿಗೆ ಸಂಬಂಧಿಸಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಅಡ್ಡಪರಿಣಾಮಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇನ್ನೊಂದು ಔಷಧದ ಜತೆಗಿನ ಘರ್ಷಣೆಯಲ್ಲಿ. ಇದನ್ನು ಅರಿಯಲು ಆಲೆಮನೆಯ ಗಾಣವನ್ನು ನೆನೆಯಬಹುದು. ಹೊಲದಿಂದ ಗಾಡಿ ಬರುತ್ತಲೇ ಇರುತ್ತದೆ, ಗಾಣ ಅರೆಯುತ್ತಲೇ ಇರುತ್ತದೆ. ಗಾಣ ನಿಂತರೆ ಅಂಗಳದಲ್ಲಿ ಕಬ್ಬು ಗುಡ್ಡೆ ಬೀಳುತ್ತದೆ. ಅಟೋರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ಮಾತ್ರೆಗಳನ್ನು ಅರೆದು ಹೊರಹಾಕುವ ಗಾಣ ಪಿತ್ತಜನಕಾಂಗದಲ್ಲೂ ಕರುಳಿನಲ್ಲೂ ಇರುವ ಒಂದು ಕಿಣ್ವ. ಕೆಲವು ಔಷಧಗಳು ಆ ಕಿಣ್ವವನ್ನು ನಿಲ್ಲಿಸಿಬಿಡುತ್ತವೆ. ಆಗ ನುಂಗಿದ್ದು 20 ಮಿಲಿಗ್ರಾಂ ಆದರೂ ಮೈಯಲ್ಲಿ ಅದರ ಹಲವು ಪಟ್ಟು ಸೇರಿಕೊಳ್ಳುತ್ತದೆ.

ಅಂಥ ಔಷಧಗಳಲ್ಲಿ ಎರಡು ಈ ಸೀಮೆಯಲ್ಲಿ ತೀರಾ ಸಾಮಾನ್ಯ. ಒಂದು, ಇಟ್ರಾಕೊನಜೋಲ್. ಗದ್ದೆಯ ಕೆಸರು, ಬೆವರು, ಒದ್ದೆ ಬಟ್ಟೆಯಲ್ಲೇ ದಿನ ಕಳೆಯುವವರಿಗೆ ತೊಡೆಸಂದಿಯಲ್ಲಿ, ಸೊಂಟದ ಸುತ್ತ ಹುಳುಕಡ್ಡಿ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ "ಹುಳುಕಡ್ಡಿಗೆ ಏನಾರ ಕೊಡಿ" ಎಂದರೆ ಚೀಟಿ ಇಲ್ಲದೆಯೂ ಈ ಕ್ಯಾಪ್ಸೂಲು ಸಿಗುವ ಸಂದರ್ಭಗಳಿವೆ. ಅದನ್ನು ವಾರಗಟ್ಟಲೆ ನುಂಗುವವರು ಹೃದಯಕ್ಕೆ ಅಟೋರ್ವಾಸ್ಟ್ಯಾಟಿನ್ ನುಂಗುತ್ತಿರುವುದು ಅಂಗಡಿಯವರಿಗೂ ತಿಳಿದಿರುವುದಿಲ್ಲ, ಚರ್ಮದ ಡಾಕ್ಟರಿಗೂ ಯಾರೂ ಹೇಳಿರುವುದಿಲ್ಲ. ಎರಡನೆಯದು ಕ್ಲಾರಿಥ್ರೊಮೈಸಿನ್, ಎದೆಯ ಸೋಂಕಿಗೂ ಕೊಡುತ್ತಾರೆ, ಹೊಟ್ಟೆ ಹುಣ್ಣಿನ ಎಚ್. ಪೈಲೋರಿ ಕಿಟ್ಟಿನಲ್ಲೂ ಇರುತ್ತದೆ. ಇಂಥ ಔಷಧ ಬೇಕೇ ಬೇಕಾದರೆ ಡಾಕ್ಟರು ಆ ದಿನಗಳ ಮಟ್ಟಿಗೆ ಸ್ಟ್ಯಾಟಿನ್ ನಿಲ್ಲಿಸಬಹುದು, ಡೋಸು ಇಳಿಸಬಹುದು ಅಥವಾ ಬೇರೆ ಔಷಧ ಬರೆಯಬಹುದು. ಅವರಿಗೆ ಗೊತ್ತಾಗಬೇಕು, ಅಷ್ಟೆ.

ಹಣ್ಣುಗಳ ಪೈಕಿ ಗ್ರೇಪ್‌ಫ್ರೂಟ್ ಇದೇ ಕೆಲಸ ಮಾಡುತ್ತದೆ. ಅದು ನಮ್ಮ ದ್ರಾಕ್ಷಿಯಲ್ಲ. ದ್ರಾಕ್ಷಿಯನ್ನು ಯಾರೂ ಬಿಡಬೇಕಿಲ್ಲ. ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ ನಮ್ಮ ಚಕೋತ. ದೇವನಹಳ್ಳಿಯ ಚಕೋತಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ, ಹಿತ್ತಿಲಲ್ಲಿ ಬೆಳೆಯುವವರೂ ಇದ್ದಾರೆ. ಅದರಲ್ಲೂ ಗ್ರೇಪ್‌ಫ್ರೂಟಿನಲ್ಲಿರುವ ಬಗೆಯ ರಾಸಾಯನಿಕಗಳಿವೆ. ಅಪರೂಪಕ್ಕೆ ಎರಡು ತೊಳೆ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ದಿನವೂ ಲೋಟಗಟ್ಟಲೆ ರಸ ಕುಡಿಯುವ ಅಭ್ಯಾಸ ಅಟೋರ್ವಾಸ್ಟ್ಯಾಟಿನ್, ಸಿಮ್ವಾಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಬೇಡ.

ರೋಸುವಾಸ್ಟ್ಯಾಟಿನ್ ಆ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಅದಕ್ಕೆ ಬೇರೆ ಕಟ್ಟುಪಾಡುಗಳಿವೆ. ಗ್ಯಾಸಿಗೆಂದು ನುಂಗುವ ಡೈಜೀನ್, ಜೆಲುಸಿಲ್ ಥರದ ಆಂಟಾಸಿಡ್‌ಗಳನ್ನು ಅದರ ಜತೆಗೇ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಔಷಧ ಅರ್ಧಕ್ಕೆ ಇಳಿಯುತ್ತದೆ. ಮೊದಲು ರೋಸುವಾಸ್ಟ್ಯಾಟಿನ್, ಎರಡು ಗಂಟೆ ಬಿಟ್ಟು ಗ್ಯಾಸಿನ ಔಷಧ. ಏಷ್ಯಾದ ಜನರ ರಕ್ತದಲ್ಲಿ ಈ ಮಾತ್ರೆಯ ಮಟ್ಟ ಪಶ್ಚಿಮದವರಿಗಿಂತ ಸುಮಾರು ಎರಡು ಪಟ್ಟಾಗುವುದರಿಂದ 5 ಮಿಲಿಗ್ರಾಂನಿಂದ ಶುರು ಮಾಡಿ ಎಂದು ಅಮೆರಿಕದ ಔಷಧ ಚೀಟಿಯಲ್ಲೇ ಇದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಥರದ ರಕ್ತ ತಿಳಿಮಾಡುವ ಮಾತ್ರೆ ನುಂಗುವವರು ಸ್ಟ್ಯಾಟಿನ್ ಶುರು ಮಾಡಿದಾಗ, ಡೋಸು ಬದಲಾದಾಗ ಐ.ಎನ್.ಆರ್. ಪರೀಕ್ಷೆಯನ್ನು ಬೇಗನೆ ಮಾಡಿಸಿಕೊಳ್ಳಬೇಕು. ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಜತೆಗೂಡಿದರೆ ಸ್ನಾಯುವಿಗೆ ತೊಂದರೆ ಹೆಚ್ಚು.

ಘರ್ಷಣೆ ಎಂಥ ಅನಾಹುತ ಮಾಡಬಲ್ಲದೆಂದು ಜಗತ್ತು ಕಂಡದ್ದು 2001ರಲ್ಲಿ. ಜರ್ಮನಿಯ ಬೇಯರ್ ಕಂಪನಿ ಸೆರಿವಾಸ್ಟ್ಯಾಟಿನ್ ಎಂಬ ತನ್ನ ಮಾತ್ರೆಯನ್ನು ಆ ವರ್ಷದ ಆಗಸ್ಟಿನಲ್ಲಿ ಮಾರುಕಟ್ಟೆಯಿಂದ ವಾಪಸು ಪಡೆಯಿತು. ಸ್ನಾಯು ಒಡೆದು ಮೂತ್ರಪಿಂಡ ಸೋತು ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು, ಅವರಲ್ಲಿ ಹಲವರು ಟ್ರೈಗ್ಲಿಸರೈಡ್ ಇಳಿಸುವ ಜೆಂಫೈಬ್ರೊಜಿಲ್ ಎಂಬ ಔಷಧವನ್ನೂ ಜತೆಗೆ ನುಂಗುತ್ತಿದ್ದರು. ಇವತ್ತಿಗೂ ಜೆಂಫೈಬ್ರೊಜಿಲ್ ಅನ್ನು ಸ್ಟ್ಯಾಟಿನ್ ಜತೆ ಕೊಡುವುದನ್ನು ವೈದ್ಯರು ತಪ್ಪಿಸುತ್ತಾರೆ. ಎರಡೂ ಬೇಕಾದರೆ ಫೆನೊಫೈಬ್ರೇಟ್ ಆರಿಸುತ್ತಾರೆ.

"ನಾಟಿ ಔಷಧ ಜತೆಗೆ ತಗೋಬಹುದಾ ಬುದ್ದಿ?" ಎಂದು ಕೇಳುವವರೂ ಕಡಿಮೆಯಿಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಡದಲ್ಲಿ ಬೆಳೆಯುವ ಹೊಳೆಮತ್ತಿಯ ತೊಗಟೆ, ಆಯುರ್ವೇದದಲ್ಲಿ ಅರ್ಜುನ, ಹೃದಯಕ್ಕೆ ಒಳ್ಳೆಯದೆಂದು ಕಷಾಯ ಮಾಡಿ ಕುಡಿಯುತ್ತಾರೆ. ಹೃದಯಾಘಾತ ಆದವರಿಗೆ ಅದು ಸ್ಟ್ಯಾಟಿನ್ನಿನ ಜಾಗ ತುಂಬುತ್ತದೆ ಎನ್ನುವಷ್ಟು ಪುರಾವೆ ಇಲ್ಲ. ಕುಡಿಯುವುದಾದರೆ ಡಾಕ್ಟರಿಗೆ ಮುಚ್ಚಿಡಬಾರದು. 'ರೆಡ್ ಯೀಸ್ಟ್ ರೈಸ್' ಎಂದು ಆನ್‌ಲೈನಿನಲ್ಲಿ ಮಾರುವ ಗಿಡಮೂಲಿಕೆಯಂಥ ಗುಳಿಗೆಯಲ್ಲಿರುವುದು ಲೊವಾಸ್ಟ್ಯಾಟಿನ್ನೇ. ಮಾತ್ರೆ ಬೇಡವೆಂದು ಅದನ್ನು ತರಿಸಿಕೊಂಡವರು ಅಳತೆ ಗೊತ್ತಿಲ್ಲದ ಸ್ಟ್ಯಾಟಿನ್ ನುಂಗುತ್ತಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಒಂದು ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ತಿರುವಿ ನೋಡುವುದು ಎಲ್ಲಕ್ಕಿಂತ ಮುಖ್ಯ. 'ಇಕೋಸ್ಪ್ರಿನ್ ಎವಿ 75/20' ಎಂಬುದು ಈ ಭಾಗದಲ್ಲಿ ಬಹಳ ಮನೆಗಳಲ್ಲಿ ಕಾಣುವ ಕ್ಯಾಪ್ಸೂಲು. ಮೊದಲ ಅಂಕಿ 75 ಆಸ್ಪಿರಿನ್, ಎರಡನೆಯ ಅಂಕಿ 20 ಅಟೋರ್ವಾಸ್ಟ್ಯಾಟಿನ್. ಹೆಸರಿನ ತುದಿಗೆ 'ಗೋಲ್ಡ್' ಎಂದಿರುವ ಹಲವು ಕ್ಯಾಪ್ಸೂಲುಗಳಲ್ಲಿ ಸ್ಟ್ಯಾಟಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮೂರೂ ಸೇರಿರುತ್ತವೆ. ಸ್ಟೆಂಟ್ ಹಾಕಿಸಿಕೊಂಡು ಬಂದ ಯಜಮಾನರು ಕಾಲುನೋವೆಂದು ಈ 'ಕೊಬ್ಬಿನ ಮಾತ್ರೆ'ಯನ್ನು ಬಿಟ್ಟರೆ ಬಿಟ್ಟದ್ದು ಕೊಬ್ಬಿನ ಮಾತ್ರೆಯನ್ನಷ್ಟೇ ಅಲ್ಲ, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವ ಎರಡು ಔಷಧಗಳನ್ನೂ ಬಿಟ್ಟರು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಹಲ್ಲು ಕೀಳಿಸಲು ಹೋದವರಿಗೆ "ರಕ್ತದ ಮಾತ್ರೆ ನಿಲ್ಲಿಸಿ ಬನ್ನಿ" ಎಂದಾಗಲೂ ಇದೇ ಗೊಂದಲ; ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಇದರ ತಿರುಗಾಮುರುಗವೂ ನಡೆಯುತ್ತದೆ. ಒಂದು ಆಸ್ಪತ್ರೆಯ ಚೀಟಿಯಲ್ಲಿ ಎವಿ, ಇನ್ನೊಂದರ ಚೀಟಿಯಲ್ಲಿ ಬೇರೆ ಹೆಸರಿನ ಅಟೋರ್ವಾಸ್ಟ್ಯಾಟಿನ್, ಎರಡನ್ನೂ ನಿಷ್ಠೆಯಿಂದ ನುಂಗುವವರು. ಒಳಗಿನ ಔಷಧದ ಹೆಸರು ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅಚ್ಚಾಗಬೇಕೆಂದು ಜನ ಒತ್ತಾಯಿಸಬೇಕಾದ ಸಂಗತಿ ಇದು. ಅಲ್ಲಿಯವರೆಗೆ ಓದು ಬರುವ ಮಕ್ಕಳೋ ಮೊಮ್ಮಕ್ಕಳೋ ಒಳಗಿನ ಹೆಸರನ್ನು ಓದಿ ಅಜ್ಜನ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದಿಡಬೇಕು.

ಕಾಲುನೋವು ನಿಜವಾಗಿ ಮಾತ್ರೆಯದೇ ಆದರೆ ಡಾಕ್ಟರ ಕೈಯಲ್ಲಿ ದಾರಿಗಳಿವೆ. ಕೆಲವು ವಾರ ನಿಲ್ಲಿಸಿ ನೋಡುವುದು, ಬೇರೆ ಸ್ಟ್ಯಾಟಿನ್ ಕೊಡುವುದು, ಡೋಸು ಇಳಿಸುವುದು, ರೋಸುವಾಸ್ಟ್ಯಾಟಿನ್ನನ್ನು ದಿನ ಬಿಟ್ಟು ದಿನ ಕೊಡುವುದು. ಡೋಸು ಇಳಿಸಿದರೆ ಲಾಭ ಪೂರಾ ಹೋಗುವುದಿಲ್ಲ. ಸ್ಟ್ಯಾಟಿನ್ ಡೋಸನ್ನು ಎರಡು ಪಟ್ಟು ಮಾಡಿದರೆ ಎಲ್.ಡಿ.ಎಲ್. ಇನ್ನು ಸುಮಾರು ಶೇ. 6 ಮಾತ್ರ ಇಳಿಯುತ್ತದೆ. ಅದರ ಬದಲು ಕಡಿಮೆ ಡೋಸಿಗೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸಬಹುದು. ದಕ್ಷಿಣ ಕೊರಿಯಾದಲ್ಲಿ 3,780 ಹೃದ್ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಸುವಾಸ್ಟ್ಯಾಟಿನ್ 10 ಜತೆ ಎಜೆಟಿಮೈಬ್ ಕೊಟ್ಟವರು ರೋಸುವಾಸ್ಟ್ಯಾಟಿನ್ 20 ತೆಗೆದುಕೊಂಡವರಷ್ಟೇ ಕ್ಷೇಮವಾಗಿದ್ದರು, ಸಹಿಸಲಾಗದೆ ಔಷಧ ನಿಲ್ಲಿಸಿದವರು ಅಥವಾ ಡೋಸು ಇಳಿಸಿಕೊಂಡವರು ಶೇ. 8.2ರಿಂದ 4.8ಕ್ಕೆ ಇಳಿದಿದ್ದರು. ಯಾವ ಸ್ಟ್ಯಾಟಿನ್ನೂ ಒಗ್ಗದವರಿಗೆ ಬೆಂಪೆಡೊಯಿಕ್ ಆಮ್ಲದ ಮಾತ್ರೆ ಇದೆ, ಅದು ಪಿತ್ತಜನಕಾಂಗದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಸ್ನಾಯುವಿನ ಗೊಡವೆಗೆ ಹೋಗುವುದಿಲ್ಲ. ಜನ ತಾವಾಗಿಯೇ ಮಾಡಿಕೊಳ್ಳುವ ಉಪಾಯ ಮಾತ್ರ ಕೆಟ್ಟದ್ದು: ಸ್ಟ್ಯಾಟಿನ್ ಬಿಟ್ಟು, ಕಾಲುನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತಂದು ನುಂಗುವುದು. ಆ ನೋವಿನ ಮಾತ್ರೆ ಹೃದಯಾಘಾತದ ಅಪಾಯವನ್ನು ಏರಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ.

"ರಿಪೋರ್ಟು ನಾರ್ಮಲ್ ಬಂದದೆ, ಇನ್ನೇಕೆ?" ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಮಾತ್ರೆಯಿಂದಲೇ ನಾರ್ಮಲ್ ಬಂದಿದೆ, ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಅಂಕಿಗೆ ಮರಳುತ್ತದೆ. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ನುಗಳನ್ನು ಬೆಳಗ್ಗೆ ರಾತ್ರಿ ಯಾವಾಗಲಾದರೂ ನುಂಗಬಹುದು, ಸಿಮ್ವಾಸ್ಟ್ಯಾಟಿನ್ನನ್ನು ಮಾತ್ರ ರಾತ್ರಿ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ನುಂಗಬಾರದು.

ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳ ವಿಷಯ ಬೇರೆ. ಗರ್ಭ ನಿಂತದ್ದು ಗೊತ್ತಾದ ಕೂಡಲೇ, ಅಥವಾ ಮಗು ಬೇಕೆಂದುಕೊಂಡಾಗಲೇ, ಡಾಕ್ಟರಿಗೆ ತಿಳಿಸಬೇಕು. ಬಹುತೇಕರಿಗೆ ಸ್ಟ್ಯಾಟಿನ್ ನಿಲ್ಲಿಸುತ್ತಾರೆ, ಎದೆಹಾಲು ಕುಡಿಸುವಾಗಲೂ ಬೇಡ. ಹಾಗೆಯೇ, ಮೂವತ್ತು ನಲವತ್ತರೊಳಗೆ ಹೃದಯಾಘಾತ ಕಂಡ ಮನೆತನಗಳಲ್ಲಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ ಗಂಟು ಕಟ್ಟಿಕೊಂಡವರಲ್ಲಿ, ಕೊಲೆಸ್ಟ್ರಾಲ್ ಮುನ್ನೂರು ದಾಟಿದವರಲ್ಲಿ ಅದು ವಂಶದಿಂದ ಬಂದ ದೋಷವಿರಬಹುದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಅದು ಇರುತ್ತದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿ ಇರುವ ನಮ್ಮ ಕಡೆ ಆ ದೋಷ ತಂದೆ ತಾಯಿ ಇಬ್ಬರಿಂದಲೂ ಮಗುವಿಗೆ ಬಂದರೆ ಕಾಯಿಲೆ ಬಾಲ್ಯದಲ್ಲೇ ಉಗ್ರವಾಗುತ್ತದೆ. ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರೂ ಮಕ್ಕಳೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಔಷಧದಿಂದ ತೊಂದರೆಯಾಯಿತೆಂದು ರೋಗಿಯೇ ಸರ್ಕಾರಕ್ಕೆ ತಿಳಿಸಬಹುದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಭಾರತದಲ್ಲಿ 2010ರಲ್ಲಿ ಶುರುವಾದ ಔಷಧ ನಿಗಾ ಕಾರ್ಯಕ್ರಮ ಇದಕ್ಕೆಂದೇ ಇದೆ, ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. ಉಚಿತ ದೂರವಾಣಿ ಸಂಖ್ಯೆ 1800 180 3024. ರೋಗಿಗಳು ತುಂಬುವ ನಮೂನೆ ಕನ್ನಡದಲ್ಲೂ ಇದೆ. ಮಾತ್ರೆಯ ಹೆಸರು, ಯಾವತ್ತು ಶುರು ಮಾಡಿದ್ದು, ಏನು ತೊಂದರೆ, ಜತೆಗೆ ಇನ್ನೇನೇನು ಔಷಧ ನಡೆಯುತ್ತಿತ್ತು, ಇಷ್ಟನ್ನು ಕೇಳುತ್ತದೆ. ಬಿ.ಜಿ. ನಗರದ ಫಾರ್ಮಸಿ ಕಾಲೇಜಿನಂಥ ಕಡೆ ಔಷಧ ಬಳಕೆಯನ್ನೇ ಅಭ್ಯಾಸ ಮಾಡುವ ವಿದ್ಯಾರ್ಥಿಗಳಿದ್ದಾರೆ. ಮಾತ್ರೆಗಳ ಚೀಲವನ್ನು ಅಂಥವರ ಮುಂದೆ ಮೇಜಿನ ಮೇಲೆ ಸುರುವಿ, ನಾಟಿ ಔಷಧ, ಗ್ಯಾಸಿನ ಮಾತ್ರೆ, ಹುಳುಕಡ್ಡಿಯ ಕ್ಯಾಪ್ಸೂಲು ಸೇರಿದಂತೆ ಯಾವುದರಲ್ಲಿ ಏನಿದೆ ಎಂದು ಒಂದೊಂದನ್ನೂ ಕೇಳಿ ಬರೆಸಿಕೊಳ್ಳಬಹುದು.